ಕಡಲಿಗಿಂತ ಅಳಿವೆ ಬಾಗಿಲೇ ಗಂಡಾಂತರ!

ಬೈಂದೂರಿನಿಂದ ಕುಂದಾಪುರಕ್ಕೆ ಬಸ್ಸಿನಲ್ಲಿ ಬರುವವರಿಗೆ ಮರವಂತೆಯಲ್ಲಿ ಒಂದು ಕಿಟಕಿಗೆ ಕಡಲು, ಇನ್ನೊಂದು ಕಿಟಕಿಗೆ ಸೌಪರ್ಣಿಕಾ ಹೊಳೆ. ಮಳೆಗಾಲದ ಅಲೆಗಳ ನಡುವೆ ಸಣ್ಣ ದೋಣಿಯೊಂದು ಎದ್ದು ಮುಳುಗುವುದನ್ನು ಕಂಡು, ಅಬ್ಬ, ಎಂಥಾ ಧೈರ್ಯ ಮಾರಾಯ್ರೆ ಎನ್ನುವವರೇ ಎಲ್ಲ. ಆದರೆ ದೋಣಿಯವರ ನಿಜವಾದ ಹೆದರಿಕೆ ಅಲ್ಲಿಲ್ಲ. ಆಚೆ ಕಿಟಕಿಯ ಹೊಳೆ ಮುಂದೆ ಹೋಗಿ ಕಡಲು ಸೇರುತ್ತದಲ್ಲ, ಆ ಗಂಗೊಳ್ಳಿ ಅಳಿವೆಯಲ್ಲಿದೆ!

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಬೋಟುಗಳಿಗೆ ಕಡಲು ಬಂದ್. 10 ಅಶ್ವಶಕ್ತಿಯೊಳಗಿನ ಎಂಜಿನಿನ ನಾಡದೋಣಿಗೆ ಮಾತ್ರ ವಿನಾಯಿತಿ. ಪೇಟೆಯಲ್ಲಿ ತಾಜಾ ಮೀನು ಕಡಿಮೆ, ರೇಟು ಜಾಸ್ತಿ. ಸಣ್ಣ ದೋಣಿಯವನಿಗೆ ನಾಲ್ಕು ಕಾಸು ಸಿಗುವ ಕಾಲವೂ ಇದೇ, ಕಡಲು ಸಿಟ್ಟಿನಲ್ಲಿರುವ ಕಾಲವೂ ಇದೇ.

ನಸುಕಿನಲ್ಲಿ ಮೂರ್ನಾಲ್ಕು ಜನ ಹೊರಡುತ್ತಾರೆ. ಬುತ್ತಿ, ಕುಡಿಯುವ ನೀರು, ಎಣ್ಣೆ ಕ್ಯಾನು, ಮಡಿಸಿಟ್ಟ ಬಲೆ. ಇಷ್ಟೇ ಸಾಮಾನು. ಹಕ್ಕಿಗಳು ಎರಗುವ ಕಡೆ, ನೀರಿನ ಬಣ್ಣ ಬದಲಾದ ಕಡೆ ಕಣ್ಣು. ಬಲೆ ಬಿಟ್ಟು ಕಾಯಬೇಕು. ಆಮೇಲೆ ಎಳೆಯಬೇಕು. ಉಪ್ಪುನೀರಿಗೆ ನೆನೆದ ಹಗ್ಗ ಅಂಗೈ ಕೊಯ್ಯುತ್ತದೆ. ಅದೃಷ್ಟ ಇದ್ದರೆ ಬಂಗುಡೆ, ಬೈಗೆ, ಚಟ್ಲಿ. ಇಲ್ಲದಿದ್ದರೆ ಅಂಬಲಿಮೀನು, ಪ್ಲಾಸ್ಟಿಕ್ ಚೀಲ!

ಇನ್ನು ವಾಪಸು ಬರುವ ಮಾತು. ಸೌಪರ್ಣಿಕಾ ಸೇರಿ ಐದು ಹೊಳೆಗಳ ನೀರು ಹೊರಗೆ ನುಗ್ಗುವುದು ಈ ಒಂದೇ ಬಾಗಿಲಲ್ಲಿ. ಒಳಗಿನಿಂದ ಹೊಳೆಯ ಸೆಳೆತ, ಹೊರಗಿನಿಂದ ಕಡಲ ಅಲೆ, ಕೆಳಗೆ ಮರಳಿನ ದಿಬ್ಬ. ಇಳಿತದ ಹೊತ್ತಿನಲ್ಲಿ ಅಲೆ ಅಲ್ಲೇ ಒಡೆಯುತ್ತದೆ. ಹಿಂದಿನಿಂದ ಬಂದ ಅಲೆ ದೋಣಿಯ ಹಿಂಭಾಗ ಎತ್ತಿ ಅಡ್ಡ ತಿರುಗಿಸಿತೋ, ಮುಗಿಯಿತು ಕತೆ. ಆದ್ದರಿಂದ ಹೊರಗೇ ನಿಂತು, ದೊಡ್ಡ ಅಲೆಗಳ ಸಾಲು ಕಳೆಯಲಿ ಎಂದು ಕಾದು, ನಡುವಿನ ಸಣ್ಣ ಬಿಡುವಿನಲ್ಲಿ ಎಂಜಿನ್ ಜೋರು ಮಾಡಿ ಒಳಗೆ ನುಗ್ಗಬೇಕು.

ಉಬ್ಬರ ಬರುವವರೆಗೆ ಕಾಯಬಹುದಲ್ಲ ಅಂತೀರಾ? ಕಾಯಬಹುದು. ಉಬ್ಬರಕ್ಕೂ ಇಳಿತಕ್ಕೂ ನಡುವೆ ಆರು ತಾಸು. ಇವತ್ತಿನ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಆದರೆ ದಕ್ಕೆಯ ಏಲಂ ಉಬ್ಬರ ನೋಡಿ ನಡೆಯುವುದಿಲ್ಲ. ತಡವಾದರೆ ಮೀನು ಮೆತ್ತಗಾಗುತ್ತದೆ, ರೇಟು ಇಳಿಯುತ್ತದೆ, ಸುಟ್ಟ ಎಣ್ಣೆಯ ದುಡ್ಡೂ ಹುಟ್ಟುವುದಿಲ್ಲ. ಬಂದ ಹಣದಲ್ಲಿ ಮೊದಲು ಎಣ್ಣೆಗೆ, ಆಮೇಲೆ ದೋಣಿ-ಬಲೆಯ ಪಾಲು, ಉಳಿದದ್ದು ಆಳುಗಳಿಗೆ. ಮನೆಯಲ್ಲಿ ಅಕ್ಕಿ ಮುಗಿದವನು ಎಷ್ಟು ಹೊತ್ತು ಅಲೆ ಎಣಿಸಿಯಾನು?

2025ರ ಜುಲೈನಲ್ಲಿ ಗಂಗೊಳ್ಳಿಯಲ್ಲೇ ನಾಡದೋಣಿ ಮಗುಚಿ ಮೂವರು ನೀರುಪಾಲಾದರು. ಲೈಫ್ ಜಾಕೆಟ್ ಹಾಕಿಕೊಳ್ಳಿ ಎಂಬ ಬುದ್ಧಿಮಾತಿಗೇನೂ ಕೊರತೆಯಿಲ್ಲ. ಬಲೆ ಎಳೆಯುವಾಗ ಅದು ಅಡ್ಡ ಬರುತ್ತದೆಂದು ಬದಿಗೆ ಬೀಳುತ್ತದೆ. ಎಳೆಯುವಾಗ ತೆಗೆದರೂ ಅಳಿವೆ ಹತ್ತಿರ ಬಂದಾಗಲಾದರೂ ಮೈಮೇಲಿರಲಿ. ಹೂಳು ತೆಗೆಯಿರಿ ಎಂಬ ಹಳೆಯ ಕೂಗಿಗೂ ಮಳೆ ಹಿಡಿಯುವ ಮೊದಲೇ ಯಾರಾದರೂ ಕಿವಿ ಕೊಡಲಿ.

ಸಂಜೆ ಬುಟ್ಟಿಯ ಮುಂದೆ ಬಂಗುಡೆಗೆ ಹತ್ತು ರೂಪಾಯಿ ಚೌಕಾಸಿ ಮಾಡುವುದು ಗಿರಾಕಿಯ ಹಕ್ಕು, ಮಾಡಲಿ. ಆ ಮೀನು ಯಾವ ಬಾಗಿಲು ದಾಟಿ ಬಂತು ಎಂಬುದೂ ಒಂಚೂರು ನೆನಪಿರಲಿ.