ಪಾದಯಾತ್ರೆ, ಭರತಿ ಓಟ: ಕಾಲಿಗೆ ಬೊಬ್ಬೆ ಬಂದರೆ ಏನು ಮಾಡಬೇಕು?

ಆಷಾಢ ಸಮೀಪಿಸಿದಂತೆ ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರ ಭಾಗದ ನಮ್ಮ ಕನ್ನಡ ಹಳ್ಳಿಗಳಿಂದಲೂ ದಿಂಡಿಗಳು ಪಂಢರಪುರದ ದಾರಿ ಹಿಡಿಯುತ್ತವೆ. ಯುಗಾದಿಗೆ ಮುಂಚೆ ಶ್ರೀಶೈಲ ಮಲ್ಲಯ್ಯನ ಪಾದಯಾತ್ರೆ. ಇವೆರಡರ ನಡುವೆ ಪೊಲೀಸ್ ಭರತಿಯ ಜಾಹೀರಾತು ಬಂದರೆ ಸಾಕು, ನಸುಕಿನಲ್ಲಿ ಊರ ಹೊರಗಿನ ಡಾಂಬರು ರಸ್ತೆಯ ತುಂಬ ಹುಡುಗ ಹುಡುಗಿಯರ ಓಟ. ಇವರೆಲ್ಲರ ಗುರಿ ಬೇರೆ ಬೇರೆ. ಆದರೆ ಅರ್ಧ ದಾರಿಯಲ್ಲಿ ಕೂರಿಸುವ ಕಾರಣ ಹೆಚ್ಚಾಗಿ ಒಂದೇ, ಕಾಲಿನ ಬೊಬ್ಬೆ.

ನನಗೂ ಇದರ ಪಾಠವಾಗಿದೆ. ಸುಮಾರು 20 ವರ್ಷಗಳ ಹಿಂದೆ ಪಂಢರಪುರಕ್ಕೆ ನಡೆದು ಹೊರಟಾಗ ಎರಡನೇ ದಿನವೇ ಬಲ ಹಿಮ್ಮಡಿಯಲ್ಲಿ ರೂಪಾಯಿ ಅಗಲದ ಬೊಬ್ಬೆ ಎದ್ದಿತು. ರಾತ್ರಿ ಮುಕ್ಕಾಂನಲ್ಲಿ ಗಾಳಿಯಾಡಲಿ ಎಂದು ಕ್ಷೌರದ ಬ್ಲೇಡಿನಿಂದ ಮೇಲಿನ ಸಿಪ್ಪೆಯನ್ನೇ ಕತ್ತರಿಸಿ ತೆಗೆದುಬಿಟ್ಟೆ. ಮರುದಿನ ಮಳೆ, ಕೆಸರು. ಅದರ ಮರುದಿನ ಕೀವು, ಚಳಿಜ್ವರ. ಶಿಖರ ಕಾಣುವ ಮೊದಲೇ ಎಸ್.ಟಿ. ಬಸ್ ಹತ್ತಿ ಮನೆಗೆ ಬಂದು ಹತ್ತು ದಿನ ಮಲಗಿದೆ. ಬಿ.ಎ. ಓದಿದವನಿಗೆ ಅಷ್ಟೂ ತಿಳಿಯಲಿಲ್ಲವೇ ಎಂದು ತಾಯಿ ಬೈದದ್ದು ಇನ್ನೂ ಕಿವಿಯಲ್ಲಿದೆ.

ಬೊಬ್ಬೆ ಏಳುವುದು ಹೇಗೆ? ಚಪ್ಪಲಿ ಮೇಲಿನಿಂದ ಉಜ್ಜಿ ಚರ್ಮ ಸವೆಯುತ್ತದೆ ಎಂದು ನಾವು ತಿಳಿದಿರುತ್ತೇವೆ. ಸವೆದರೆ ಆಗುವುದು ತರಚು ಗಾಯ. ಬೊಬ್ಬೆಯ ಕಥೆ ಬೇರೆ. ಮುಂಗೈ ಮೇಲೆ ಒಂದು ಬೆರಳನ್ನು ಒತ್ತಿಟ್ಟು, ಜಾರಿಸದೆ ಅತ್ತಿತ್ತ ಆಡಿಸಿ ನೋಡಿ. ಚರ್ಮ ಬೆರಳಿಗೆ ಅಂಟಿಕೊಂಡೇ ಬರುತ್ತದೆ, ಒಳಗಿನ ಎಲುಬು ಮಾತ್ರ ನಿಂತಲ್ಲೇ ಇರುತ್ತದೆ. ಬೂಟಿನೊಳಗೂ ಹೀಗೆಯೇ. ಬೆವರಿನಿಂದ ಚರ್ಮ ಕಾಲುಚೀಲಕ್ಕೆ, ಕಾಲುಚೀಲ ಬೂಟಿಗೆ ಅಂಟಿಕೊಂಡಿರುತ್ತದೆ. ಒಳಗಿನ ಎಲುಬು ಪ್ರತಿ ಹೆಜ್ಜೆಗೂ ಹಿಂದೆ ಮುಂದೆ ಸರಿಯುತ್ತದೆ. ಈ ಜಗ್ಗಾಟ ಸಾವಿರಾರು ಸಲ ನಡೆದಾಗ ಚರ್ಮದ ಮೇಲ್ಪದರದ ಒಳಗೇ ಸೀಳು ಬಿಟ್ಟು, ಅಲ್ಲಿ ನೀರು ತುಂಬಿಕೊಳ್ಳುತ್ತದೆ. ಅಂಗಾಲು, ಹಿಮ್ಮಡಿ, ಅಂಗೈಗಳಲ್ಲೇ ಬೊಬ್ಬೆ ಹೆಚ್ಚು, ಏಕೆಂದರೆ ಅಲ್ಲಿ ಚರ್ಮ ದಪ್ಪ. ತೆಳು ಚರ್ಮವಾದರೆ ಸುಮ್ಮನೆ ಕಿತ್ತುಬರುತ್ತದೆ.

ಪೂರಾ ಒಣಗಿದ ಚರ್ಮ ಜಾರುತ್ತದೆ, ಪೂರಾ ನೆನೆದದ್ದೂ ಜಾರುತ್ತದೆ. ಅರೆತೇವದ ಚರ್ಮವೇ ಹೆಚ್ಚು ಅಂಟುವುದು. ಬೆವರುವ ಕಾಲಿಗೆ ಹತ್ತಿಯ ಕಾಲುಚೀಲ ಏಕೆ ಒಳ್ಳೆಯದಲ್ಲ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಓಟಗಾರರ ಸಿಂಥೆಟಿಕ್ ಕಾಲುಚೀಲ, ಇಲ್ಲವೇ ಒಳಗೊಂದು ತೆಳು ಚೀಲ, ಮೇಲೊಂದು ದಪ್ಪ ಚೀಲ ಹಾಕಿದರೆ ಜಗ್ಗಾಟ ಆ ಎರಡು ಬಟ್ಟೆಗಳ ನಡುವೆಯೇ ಕಳೆದುಹೋಗುತ್ತದೆ. ಒದ್ದೆಯಾದದ್ದನ್ನು ಬದಲಿಸಲು ಇನ್ನೊಂದು ಜೊತೆ ಚೀಲದಲ್ಲಿರಲಿ.

ಬೆವರನ್ನೇ ತಡೆದರೆ? ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಕೆಡೆಟ್‌ಗಳ ಮೇಲೆ ನಡೆಸಿ 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕಾಲಿಗೆ ಬೆವರು ತಡೆಯುವ ದ್ರಾವಣ ಹಚ್ಚಿ 21 ಕಿ.ಮೀ. ನಡೆಸಿದರು. ಸರಿಯಾಗಿ ಹಚ್ಚಿಕೊಂಡವರಲ್ಲಿ ಶೇ. 21 ಮಂದಿಗೆ, ಹುಸಿ ದ್ರಾವಣ ಹಚ್ಚಿಕೊಂಡವರಲ್ಲಿ ಶೇ. 48 ಮಂದಿಗೆ ಬೊಬ್ಬೆ ಬಂತು. ಆದರೆ ಔಷಧ ಹಚ್ಚಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಚರ್ಮ ಉರಿಯಿತು. ಹಾಗಾಗಿ ಇದು ನಮ್ಮ ಹಳ್ಳಿಗರಿಗೆ ಹೇಳುವ ಉಪಾಯವಲ್ಲ.

ಅಗ್ಗದ ಉಪಾಯ ಇನ್ನೊಂದಿದೆ. 250 ಕಿ.ಮೀ. ದೂರದ ಮರುಭೂಮಿ ಓಟಗಳಲ್ಲಿ 128 ಓಟಗಾರರ ಒಂದೊಂದು ಪಾದಕ್ಕೆ ಆಸ್ಪತ್ರೆಯ ಸಾದಾ ಪೇಪರ್ ಟೇಪ್ ಅಂಟಿಸಿ ಸ್ಟ್ಯಾನ್‌ಫರ್ಡ್ ವೈದ್ಯರು ಪರೀಕ್ಷಿಸಿದರು. ಟೇಪ್ ಇದ್ದ ಕಡೆ ಬೊಬ್ಬೆ ಸುಮಾರು ಶೇ. 40ರಷ್ಟು ಕಡಿಮೆಯಾಗಿತ್ತು ಎಂದು 2016ರಲ್ಲಿ ವರದಿ ಮಾಡಿದರು. ಮೆಡಿಕಲ್ ಅಂಗಡಿಯಲ್ಲಿ ಮರಾಠಿಯಲ್ಲಿ ಕೇಳಿ, ಕನ್ನಡದಲ್ಲಿ ಕೇಳಿ, ಮೈಕ್ರೋಪೋರ್ ಎಂದರೆ ಸಿಗುವುದು ಇದೇ ಜಾತಿಯ ಟೇಪ್. ಹೊರಡುವ ಮೊದಲೇ, ತೊಳೆದು ಒರೆಸಿದ ಒಣ ಕಾಲಿಗೆ, ಸುಕ್ಕಿಲ್ಲದಂತೆ ಒಂದೇ ಪದರ ಅಂಟಿಸಬೇಕು. ಎಲ್ಲಿ? ಹಿಂದೆ ಬೊಬ್ಬೆ ಬಂದ ಜಾಗ ನಿಮಗೇ ಗೊತ್ತಿರುತ್ತದೆ. ವ್ಯಾಸಲೀನ್ ಹಚ್ಚುವವರೂ ಇದ್ದಾರೆ. ಅದು ಮೊದಲು ಜಾರಿಕೆ ಕೊಡುತ್ತದೆ, ಒಂದೆರಡು ತಾಸು ಕಳೆದ ಮೇಲೆ ಮತ್ತೆ ಹಚ್ಚದಿದ್ದರೆ ಅಂಟು ಹೆಚ್ಚಾಗುತ್ತದೆ. ಅದರ ಮೇಲೆ ಟೇಪ್ ನಿಲ್ಲುವುದೂ ಇಲ್ಲ.

ಬೊಬ್ಬೆ ಏಳುವ ಮುಂಚೆ ಆ ಜಾಗ ಬಿಸಿಯಾಗಿ ಚುರುಗುಟ್ಟುತ್ತದೆ. ಆಗಲೇ ನಿಲ್ಲಬೇಕು. ಮುಂದಿನ ಊರಿಗೆ ಹೋಗಿ ನೋಡೋಣ ಎನ್ನುವುದರಲ್ಲೇ ಕೆಲಸ ಕೆಡುತ್ತದೆ. ದಿಂಡಿ ಮುಂದೆ ಹೋಗಲಿ, ಐದು ನಿಮಿಷ ಕೂತು ಮರಳು ಕೊಡವಿ, ಕಾಲು ಒಣಗಿಸಿ, ಕೆಂಪಾದ ಜಾಗಕ್ಕೆ ಟೇಪ್ ಹಚ್ಚಿ ಎದ್ದರೆ ಮರುದಿನದ ನಡಿಗೆ ಉಳಿಯುತ್ತದೆ.

ಭರತಿಯ ಹುಡುಗರಿಗೆ ಒಂದು ಮಾತು. ಮಹಾರಾಷ್ಟ್ರ ಪೊಲೀಸ್ ಪರೀಕ್ಷೆಯ 1600 ಮೀಟರ್ ಓಟವಾಗಲಿ, ಹುಡುಗಿಯರ 800 ಮೀಟರ್ ಆಗಲಿ, ಅಷ್ಟು ದೂರಕ್ಕೇ ಬೊಬ್ಬೆ ಬರುವುದು ಕಡಿಮೆ. ಬರುವುದು ತಯಾರಿಯ ವಾರಗಳಲ್ಲಿ, ಅದೂ ಹೊಸ ಬೂಟಿನಲ್ಲಿ. ಪರೀಕ್ಷೆಯ ಹಿಂದಿನ ದಿನ ಬೂಟು ಕೊಳ್ಳಬೇಡಿ. ಕಾಲು ಉಬ್ಬಿರುವ ಸಂಜೆಯ ಹೊತ್ತಿಗೆ ಅಂಗಡಿಗೆ ಹೋಗಿ, ಉದ್ದ ಬೆರಳಿನ ಮುಂದೆ ಹೆಬ್ಬೆರಳಿನಷ್ಟು ಜಾಗ ಬಿಟ್ಟು ಆರಿಸಿ. ಓಟದ ದೂರವನ್ನು ವಾರವಾರಕ್ಕೆ ಸ್ವಲ್ಪಸ್ವಲ್ಪವೇ ಏರಿಸಿದರೆ ಚರ್ಮವೂ ಗಟ್ಟಿಯಾಗುತ್ತದೆ.

ಇಷ್ಟಾದರೂ ಬೊಬ್ಬೆ ಬಂದರೆ? ಸಣ್ಣದು, ನೋವಿಲ್ಲದ್ದು ಆದರೆ ಮುಟ್ಟಬೇಡಿ, ಮುಚ್ಚಿಡಿ. ಒಳಗಿನ ನೀರಿಗಿಂತ, ಮೇಲಿನ ಚರ್ಮಕ್ಕಿಂತ ಒಳ್ಳೆಯ ಪಟ್ಟಿ ಯಾವ ಅಂಗಡಿಯಲ್ಲೂ ಸಿಗದು. ದೊಡ್ಡದಾಗಿ, ಹೆಜ್ಜೆ ಊರಲಾಗದಷ್ಟು ಬಿಗಿದಿದ್ದರೆ ಮಾತ್ರ ನೀರು ತೆಗೆಯಬೇಕು. ಸಾಬೂನಿನಿಂದ ಕೈ ತೊಳೆದು, ಬೊಬ್ಬೆಯ ಮೇಲೆ ಬೆಟಾಡಿನ್ ಅಥವಾ ಸ್ಪಿರಿಟ್ ಒರೆಸಿ, ಪ್ಯಾಕೆಟ್ ಒಡೆಯದ ಹೊಸ ಇಂಜೆಕ್ಷನ್ ಸೂಜಿಯಿಂದ ಅಂಚಿನಲ್ಲಿ ಎರಡು ಮೂರು ಕಡೆ ಚುಚ್ಚಿ. ಶುದ್ಧ ಬಟ್ಟೆಯಿಂದ ಮೆಲ್ಲಗೆ ಒತ್ತಿದರೆ ನೀರು ಹೊರಬರುತ್ತದೆ. ಸಿಪ್ಪೆ ಹಾಗೇ ಇರಲಿ. ಮೇಲೆ ಸ್ವಲ್ಪ ಮುಲಾಮು ಹಚ್ಚಿ, ಅಂಟದ ಪಟ್ಟಿ ಇಟ್ಟು ಟೇಪ್ ಸುತ್ತಿ. ಮೊದಲ ದಿನ ಮತ್ತೆ ನೀರು ತುಂಬಿದರೆ ಮತ್ತೊಮ್ಮೆ ತೆಗೆಯಬಹುದು. ಸಿಪ್ಪೆಯ ಅಡಿ ಸುಮಾರು 5 ದಿನಕ್ಕೆ ಹೊಸ ಹೊರಪದರ ಬೆಳೆಯುತ್ತದೆ. ರಕ್ತ ತುಂಬಿದ ಬೊಬ್ಬೆಯನ್ನು ಚುಚ್ಚದಿರುವುದೇ ಲೇಸು.

ನಮ್ಮಲ್ಲಿ ಸೂಜಿಗೆ ದಾರ ಪೋಣಿಸಿ ಬೊಬ್ಬೆಯೊಳಗೆ ದಾರ ಬಿಡುವ ರೂಢಿಯಿದೆ. ನೀರು ಇಳಿಯುವುದೇನೋ ನಿಜ, ಆದರೆ ಅದೇ ದಾರ ಹಿಡಿದು ಹೊರಗಿನ ಹೊಲಸು ಒಳಗೆ ಹೋಗುತ್ತದೆ. ಸುಣ್ಣ, ಬೂದಿ, ಟೂತ್‌ಪೇಸ್ಟ್ ಬೇಡವೇ ಬೇಡ. ಇನ್ನು ಮಟಮಟ ಮಧ್ಯಾಹ್ನ ಬರಿಗಾಲಲ್ಲಿ ಡಾಂಬರು ತುಳಿದು ಬಂದ ಬೊಬ್ಬೆ ಸುಟ್ಟಗಾಯ. ಅದನ್ನು ಚುಚ್ಚದೆ, 20 ನಿಮಿಷ ತಣ್ಣೀರು ಹರಿಸಿ, ದವಾಖಾನೆಗೆ ತೋರಿಸಿ.

ಬೊಬ್ಬೆಯಿಂದ ಯಾರು ಸಾಯುತ್ತಾರೆ ಎಂದು ನಗಬೇಡಿ. 1924ರ ಜೂನ್ ಕೊನೆಯಲ್ಲಿ ಅಮೆರಿಕದ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಅವರ 16 ವರ್ಷದ ಮಗ ಕಾಲುಚೀಲವಿಲ್ಲದೆ ಬೂಟು ಹಾಕಿ ಶ್ವೇತಭವನದ ಅಂಗಳದಲ್ಲಿ ಟೆನಿಸ್ ಆಡಿದ. ಕಾಲ್ಬೆರಳಿಗೆ ಬೊಬ್ಬೆ ಬಂತು, ನಂಜು ರಕ್ತಕ್ಕೇರಿತು. ಜುಲೈ 7ರಂದು ಹುಡುಗ ತೀರಿಕೊಂಡ. ಆಗ ಆಂಟಿಬಯಾಟಿಕ್ ಇರಲಿಲ್ಲ. ಈಗ ಇದೆ, ಆದರೆ ಸಮಯಕ್ಕೆ ತಲುಪಬೇಕು. ಕೀವು, ಸುತ್ತ ಹರಡುವ ಕೆಂಪು, ಕಾಲ ಮೇಲಕ್ಕೆ ಏರುವ ಕೆಂಪು ಗೆರೆ, ತೊಡೆಸಂದಿಯಲ್ಲಿ ಗಡ್ಡೆ, ಜ್ವರ, ಇವುಗಳಲ್ಲಿ ಒಂದು ಕಂಡರೂ ನಡಿಗೆ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಧನುರ್ವಾಯು ಚುಚ್ಚುಮದ್ದು ಯಾವಾಗ ಹಾಕಿಸಿದ್ದು ಎಂಬುದನ್ನೂ ಹೇಳಿ.

ಎಲ್ಲಕ್ಕಿಂತ ಹೆಚ್ಚು ಕಾಳಜಿ ಬೇಕಾದದ್ದು ಶುಗರ್ ಇರುವ ಹಿರಿಯರಿಗೆ. ಹಲವು ವರ್ಷದ ಶುಗರ್‌ನಿಂದ ಅಂಗಾಲು ಜೋಮು ಹಿಡಿದಿದ್ದರೆ ಆ ಚುರುಗುಡುವ ಎಚ್ಚರಿಕೆಯೇ ಅವರಿಗೆ ತಿಳಿಯುವುದಿಲ್ಲ. ಬೊಬ್ಬೆ ಒಡೆದು ಹುಣ್ಣಾದರೂ ನೋವಿರದು, ಕೊನೆಗೆ ಬೆರಳನ್ನೋ ಪಾದವನ್ನೋ ಕತ್ತರಿಸುವ ಹಂತಕ್ಕೂ ಹೋಗಬಹುದು. ಇಂಥವರು ಬರಿಗಾಲಲ್ಲಿ ನಡೆಯಬಾರದು, ಬೊಬ್ಬೆಯನ್ನು ತಾವೇ ಚುಚ್ಚಲೂಬಾರದು. ದಿಂಡಿಯಲ್ಲಿ ಜೊತೆಗಿರುವ ಮೊಮ್ಮಕ್ಕಳು ಪ್ರತಿ ಮುಕ್ಕಾಂನಲ್ಲಿ ಅಜ್ಜ ಅಜ್ಜಿಯ ಅಂಗಾಲು, ಬೆರಳ ಸಂದುಗಳನ್ನು ಮೊಬೈಲ್ ಟಾರ್ಚ್ ಹಿಡಿದು ನೋಡಲಿ. ಒಬ್ಬರೇ ಹೊರಟಿದ್ದರೆ ಒಂದು ಸಣ್ಣ ಕನ್ನಡಿ ಜೋಳಿಗೆಯಲ್ಲಿರಲಿ, ನೆಲದ ಮೇಲಿಟ್ಟು ಅದರ ಮೇಲೆ ಪಾದ ಹಿಡಿದರೆ ಅಂಗಾಲು ಪೂರ್ತಿ ಕಾಣುತ್ತದೆ.