ಎದೆನೋವು ಬಂದ್ರೆ ಲಸಿಕೆಯದ್ದೇ ತಪ್ಪಾ?

ದಾಂಡೇಲಿಯ ಚಹಾದಂಗಡಿ ಇರಲಿ, ಮುಂಡಗೋಡದ ಸಂತೆ ಇರಲಿ, ಹರೆಯದವರು ಯಾರಾದ್ರೂ ದಿಢೀರ್ ಅಂತ ತೀರಿಕೊಂಡ್ರೆ ಮೊದಲು ಬರೋ ಮಾತು: ‘ಕೋವಿಡ್ ಇಂಜೆಕ್ಷನ್ ತಗೊಂಡಿದ್ರಲ್ಲ!’

2025ರ ಜುಲೈನಲ್ಲಿ, ಹಾಸನದಲ್ಲಿ ಹೃದಯಾಘಾತದಿಂದಾದ ಸಾಲು ಸಾವುಗಳ ಬೆನ್ನಿಗೆ, ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ಇದೇ ಅನುಮಾನ ಆಡಿದ್ರು. ಜಯದೇವ ಹೃದ್ರೋಗ ಆಸ್ಪತ್ರೆಯ ಡಾ. ಕೆ.ಎಸ್. ರವೀಂದ್ರನಾಥ್ ಸಮಿತಿ ಪರಿಶೀಲಿಸಿ, ಲಸಿಕೆಗೂ ಈ ದಿಢೀರ್ ಸಾವುಗಳಿಗೂ ನಂಟಿಲ್ಲ ಅಂತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 47 ಆಸ್ಪತ್ರೆಗಳಲ್ಲಿ, 18ರಿಂದ 45 ವಯಸ್ಸಿನವರ ದಿಢೀರ್ ಸಾವುಗಳನ್ನ ಕೆದಕಿ ನೋಡಿತ್ತು. ಅಪಾಯ ಹೆಚ್ಚಿದ್ದು ಕೋವಿಡ್‌ಗೆ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲೇ ಇಂಥ ಸಾವು ಕಂಡವರಲ್ಲಿ, ಹಿಂದಿನೆರಡು ದಿನ ಮಿತಿಮೀರಿ ಕುಡಿದವರಲ್ಲಿ. ಎರಡು ಡೋಸ್ ತಗೊಂಡವರಲ್ಲಿ? ಕಡಿಮೆ.

ಹಾಗಂತ ಅನುಮಾನ ಪಟ್ಟವರು ದಡ್ಡರಲ್ಲ. ಕೋವಿಶೀಲ್ಡ್ ಲಸಿಕೆಯಿಂದ ತೀರ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು. ಆದ್ರೆ ಅದು ಚುಚ್ಚಿಸಿಕೊಂಡ ಮೊದಲ ಕೆಲವು ವಾರಗಳ ಮಾತು, ನಾಲ್ಕು ವರ್ಷದ ಮೇಲಿನದ್ದಲ್ಲ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ದೂರದ್ದು. ಜೋಯಿಡಾದ ಕಾಡೊಳಗಿನ ಹಳ್ಳಿಯಿಂದ ಹುಬ್ಬಳ್ಳಿಯ ದೊಡ್ಡಾಸ್ಪತ್ರೆ ಮುಟ್ಟೋಕೆ ಎಷ್ಟು ಹೊತ್ತು, ನಿಮಗೇ ಗೊತ್ತು. ಎದೆ ಹಿಂಡಿದ್ರೆ, ಎಡಗೈ ಸೆಳೆದ್ರೆ, ಗ್ಯಾಸು ಅಂತ ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಫೋನ್ ಮಾಡಿ. ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸೋ ಇಂಜೆಕ್ಷನ್ ಉಚಿತ.