ಹೆಂಚಿನ ಮನೆಯಿಂದ ಗಾಜಿನ ಗೋಡೆಗೆ

ಬೆಂಗಳೂರಿಗೆ ಹೋಗಿಬಂದವರು ಕನ್ನಡ ಕೂಟದ ಊಟದ ಸಾಲಿನಲ್ಲಿ ಸಿಕ್ಕರೆ ಮೊದಲು ಹೇಳುವುದು ಟ್ರಾಫಿಕ್ ಪುರಾಣ. ಅದು ಮುಗಿದ ಮೇಲೆ ಬರುವ ಮಾತು, "ನಮ್ಮ ಬೀದಿಯ ಗುರುತೇ ಸಿಗಲಿಲ್ಲ ಕಣ್ರೀ!" ಊರು ಬೆಳೆಯುವುದು ಸಹಜ. 1901ರಲ್ಲಿ ನಗರ ಮತ್ತು ದಂಡು ಪ್ರದೇಶ ಸೇರಿ ಸುಮಾರು 1.6 ಲಕ್ಷ ಜನರಿದ್ದ ಬೆಂಗಳೂರು 2011ರ ಜನಗಣತಿಯ ವೇಳೆಗೆ 84 ಲಕ್ಷ ದಾಟಿತ್ತು. ಇಷ್ಟು ಜನಕ್ಕೆ ಮನೆ ಬೇಕು, ರಸ್ತೆ ಬೇಕು, ಮೆಟ್ರೋ ಬೇಕು. ಆದರೆ ಬೆಳೆಯುವ ಭರದಲ್ಲಿ ಊರು ತನ್ನ ಮುಖವನ್ನೇ ಕಳೆದುಕೊಳ್ಳಬೇಕೇ ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ಹಳೆಯ ಮನೆಯ ಜಾಣತನ

ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡದ್ದು 1890ರ ದಶಕದಲ್ಲಿ. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನಲ್ಲಿದ್ದ ಜನರನ್ನು ಹೊಸ ಬಡಾವಣೆಗಳತ್ತ ಅಟ್ಟಿತು. ಹಾಗಾಗಿ ಗಾಳಿ ಬೆಳಕಿಗೆ ಅಲ್ಲಿ ಎಲ್ಲಿಲ್ಲದ ಮಹತ್ವ. ನೇರ ಬೀದಿಗಳು, ಮನೆಯ ಸುತ್ತ ಜಾಗ, ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಮನೆಗಳೂ ಹಾಗೆಯೇ: ದಪ್ಪ ಗೋಡೆ, ಎತ್ತರದ ಸೂರು, ಬಿಸಿಗಾಳಿ ಹೊರಹೋಗಲು ಸೂರಿನ ಕೆಳಗೆ ಬೆಳಕಿಂಡಿ, ಮುಂದೆ ಜಗಲಿ, ಕಾಲಿಗೆ ತಣ್ಣಗಿರುವ ಕೆಂಪು ಗಾರೆಯ ನೆಲ. ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ ಮದರಾಸು ತಾರಸಿ. ಇನ್ನು ಕೆಲವಕ್ಕೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಅದು ನಾಡಿನಾಚೆಗೂ ಹೋಯಿತು. ಕಿಟಕಿಯ ಮೇಲೆ ಟೊಪ್ಪಿಗೆಯಂತೆ ಚಾಚಿಕೊಂಡ, ಬೆಂಗಳೂರಿಗರು 'ಮಂಕಿ ಟಾಪ್' ಎಂದು ಕರೆಯುವ ಮರದ ಪಟ್ಟಿಗಳ ಅಲಂಕಾರ ಬಿಸಿಲು ಮಳೆ ಎರಡನ್ನೂ ತಡೆಯುತ್ತಿತ್ತು. ಫ್ಯಾನೇ ಬೇಡದಿದ್ದ ಊರು ಅದು! ಈಗ ಅದೇ ಊರಿನಲ್ಲಿ ಅಡಿಯಿಂದ ಮುಡಿಯವರೆಗೆ ಗಾಜು ಹೊದ್ದ ಕಚೇರಿಗಳು. ಬಿಸಿಲನ್ನು ಒಳಗೆ ಬಿಟ್ಟುಕೊಂಡು, ಆಮೇಲೆ ಏಸಿ ಹಾಕಿ ಅದನ್ನು ಹೊರಗಟ್ಟುವುದು ಯಾವ ಲೆಕ್ಕಾಚಾರವೋ!

ಉಳಿದದ್ದು, ಅಳಿದದ್ದು

ರೆಸಿಡೆನ್ಸಿ ರಸ್ತೆಯ ವಿಕ್ಟೋರಿಯಾ ಹೋಟೆಲಿನ ಜಾಗದಲ್ಲಿ ಮಾಲ್ ಎದ್ದಿತು. ಎಂ.ಜಿ. ರಸ್ತೆಯ ಪ್ಲಾಜಾ ಚಿತ್ರಮಂದಿರ ಹೋಯಿತು, ಮರಗಳ ನೆರಳಿನ ನಡೆದಾರಿಯ ಮೇಲೆ 2011ರಿಂದ ಮೆಟ್ರೋ ಓಡುತ್ತಿದೆ. ಲಾಲ್‌ಬಾಗಿಗೆ ರೂಪ ಕೊಟ್ಟ ಕ್ರುಂಬಿಗಲ್ ಅವರ ಹೆಸರಿನ ಸಭಾಂಗಣ ಪಾಳುಬಿದ್ದು, 2017ರಲ್ಲಿ ನೆಲಸಮವಾಯಿತು. ಮೈಸೂರಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಕುಸಿಯಿತು. ಹಳೆಯದನ್ನು ಕೆಡವಿದರೆ ಮಾತ್ರ ನಷ್ಟವಲ್ಲ, ರಿಪೇರಿ ಮಾಡದೆ ಬಿಟ್ಟರೂ ನಷ್ಟವೇ. ಅದು ಜೀವಕ್ಕೂ ಅಪಾಯ.

ಉಳಿದ ಕಥೆಯೂ ಉಂಟು. 1860ರ ದಶಕದ ಅಠಾರಾ ಕಚೇರಿ, ಅಂದರೆ ಇಂದಿನ ಹೈಕೋರ್ಟಿನ ಕೆಂಪು ಕಟ್ಟಡವನ್ನು ಕೆಡವುವ ಆಲೋಚನೆ 1980ರ ದಶಕದಲ್ಲಿ ಬಂದಿತ್ತು. ನಾಗರಿಕರು ವಿರೋಧಿಸಿದರು. ಇವತ್ತು ವಿಧಾನಸೌಧದ ಎದುರು ಆ ಕಟ್ಟಡವಿಲ್ಲದ ಬೆಂಗಳೂರನ್ನು ಊಹಿಸಿಕೊಳ್ಳಲು ಸಾಧ್ಯವೇ?

ನಮ್ಮ ಮನೆಯ ಮಾತು

ಇದೆಲ್ಲ ಊರಿನ ಮಾತಾಯಿತು. ನನ್ನ ಮನೆಯ ಮಾತೂ ಇದೆ. ಬಸವನಗುಡಿಯಲ್ಲಿ ನಮ್ಮ ತಾತ ಕಟ್ಟಿಸಿದ ಮನೆಯಲ್ಲಿ ಈಗ ಅಣ್ಣ, ಅತ್ತಿಗೆ ಇಬ್ಬರೇ ಇದ್ದಾರೆ. ಬಿಲ್ಡರ್ ಒಬ್ಬರು ಜಂಟಿ ಯೋಜನೆಯ ಪ್ರಸ್ತಾಪ ತಂದಿದ್ದಾರೆ: ಕೆಳಗೆ ಕಾರು ನಿಲ್ಲಿಸುವ ಜಾಗ, ಮೇಲೆ ಎಂಟು ಫ್ಲ್ಯಾಟು, ಅರ್ಧ ನಮಗೆ. ಕಾಗದಕ್ಕೆ ನನ್ನ ಸಹಿಯೂ ಬೇಕು. ಫೋನಿನಲ್ಲಿ ನಾನು ಆ ಕೆಂಪು ನೆಲ, ಆ ಜಗಲಿ ಎಂದು ರಾಗ ಎಳೆದಾಗ ಅತ್ತಿಗೆ ಕೇಳಿದರು: "ನೀವು ಎರಡು ವರ್ಷಕ್ಕೊಮ್ಮೆ ಬಂದು ನೆಲದ ಫೋಟೋ ತೆಗೀತೀರಿ. ಮಳೆ ಬಂದಾಗಲೆಲ್ಲ ತಾರಸಿ ಕೆಳಗೆ ಬಕೆಟ್ ಇಡೋಳು ನಾನಲ್ವಾ?"

ನನ್ನಲ್ಲಿ ಉತ್ತರವಿರಲಿಲ್ಲ. ಅಣ್ಣನಿಗೆ ಮಂಡಿನೋವು, ಮೆಟ್ಟಿಲು ಹತ್ತಲಾರ. ಗಾರೆ ಕೆಲಸ ಬಲ್ಲ ಮೇಸ್ತ್ರಿ ಸಿಗುವುದು ಕಷ್ಟ, ಸಿಕ್ಕರೆ ಕೂಲಿ ದುಬಾರಿ. ಜಾಗದ ಬೆಲೆ ಮುಗಿಲು ಮುಟ್ಟಿರುವಾಗ ಒಂದಂತಸ್ತಿನ ಮನೆಯನ್ನು ಹಿಡಿದುಕೊಂಡಿರಿ ಎನ್ನುವುದು ದೂರದಲ್ಲಿರುವವರಿಗೆ ಸುಲಭ. ನಮ್ಮಲ್ಲಿ ಅನೇಕರ ಮನೆಯ ಕಥೆ ಇದೇ ಎಂದರೆ ತಪ್ಪಾಗಲಾರದು.

ಇಲ್ಲಿ ಕಂಡದ್ದು

ಲಾರೆನ್ಸ್‌ವಿಲ್‌ನಲ್ಲಿ ನೆಲೆಸಿದವರಿಗೆ ಊರ ನಡುವಿನ ಚೌಕದಲ್ಲಿರುವ ಹಳೆಯ ಕೋರ್ಟ್‌ಹೌಸ್ ಪರಿಚಿತ. 1885ರ ಕಟ್ಟಡ. 1970ರಲ್ಲಿ ಸುಮಾರು 72 ಸಾವಿರ ಜನರಿದ್ದ ಗ್ವಿನೆಟ್ ಕೌಂಟಿ 2020ಕ್ಕೆ 9.57 ಲಕ್ಷಕ್ಕೆ ಬೆಳೆಯಿತು. ಇಲ್ಲೂ ಹೊಲ ಕಾಡುಗಳು ಹೋಗಿ ಸಬ್‌ಡಿವಿಷನ್‌ಗಳು ಬಂದವು; ಅವುಗಳಲ್ಲಿ ನಮ್ಮ ಮನೆಗಳೂ ಸೇರಿವೆ! 1988ರಲ್ಲಿ ಕೌಂಟಿಯ ಆಡಳಿತ ಹೊಸ ಕಟ್ಟಡಕ್ಕೆ ಹೋಯಿತು. ಆದರೆ ಹಳೆಯದನ್ನು ಕೆಡವಲಿಲ್ಲ, ದುರಸ್ತಿ ಮಾಡಿದರು. ಈಗ ಅಲ್ಲಿ ಮದುವೆಗಳೂ ಸಭೆಗಳೂ ನಡೆಯುತ್ತವೆ. ಉಪಯೋಗ ಬದಲಾಯಿತು, ಕಟ್ಟಡ ಉಳಿಯಿತು.

ಅಟ್ಲಾಂಟಾ ತನ್ನ ಟರ್ಮಿನಲ್ ಸ್ಟೇಷನ್ನನ್ನು 1972ರಲ್ಲಿ ಕೆಡವಿತು. ಕೆಲವೇ ವರ್ಷಗಳಲ್ಲಿ, 1929ರ ಫಾಕ್ಸ್ ಥಿಯೇಟರಿನ ಜಾಗದಲ್ಲಿ ಟೆಲಿಫೋನ್ ಕಂಪನಿಯ ಕಚೇರಿ ಕಟ್ಟುವ ಮಾತು ಬಂದಾಗ ಜನ ಎದ್ದು ನಿಂತರು, ಹಣ ಕೂಡಿಸಿದರು. ಕೊನೆಗೆ ಗೋಪುರ ಪಕ್ಕದ ಜಾಗದಲ್ಲಿ ಎದ್ದಿತು, ಥಿಯೇಟರೂ ಉಳಿಯಿತು. 'ಅದು ಅಥವಾ ಇದು' ಎನ್ನುವಲ್ಲಿ 'ಎರಡೂ' ಎಂಬ ದಾರಿ ಹುಡುಕಿದ್ದು ಅವರ ಜಾಣತನ.

ನಾವೇನು ಮಾಡಬಹುದು?

ಎಲ್ಲ ಮನೆಗಳನ್ನೂ ಉಳಿಸಲಾಗದು ನಿಜ. ಆದರೆ ಸಹಿ ಹಾಕುವ ಮುನ್ನ ಕೆಲವು ಕೆಲಸ ನಮ್ಮ ಕೈಲಿದೆ. ಮುಂಭಾಗ ಉಳಿಸಿಕೊಂಡು ಹಿಂದಿನ ಜಾಗದಲ್ಲಿ ಕಟ್ಟಲು ಸಾಧ್ಯವೇ ಎಂದು ವಾಸ್ತುಶಿಲ್ಪಿಯೊಬ್ಬರನ್ನು ಕೇಳಬಹುದು. ಇನ್‌ಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯಂಥವರ ಸಲಹೆ ಪಡೆಯಬಹುದು. ರಿಪೇರಿಯ ಖರ್ಚನ್ನು ಹೊರದೇಶದಲ್ಲಿರುವ ಒಡಹುಟ್ಟಿದವರು ಹಂಚಿಕೊಳ್ಳಬಹುದು. ಕೆಡವಲೇಬೇಕಾದರೆ, ಮನೆಯ ಅಳತೆ ತೆಗೆದು ನಕ್ಷೆ ಬರೆಸಿ, ಕೋಣೆ ಕೋಣೆಯ ಚಿತ್ರ ತೆಗೆದು, ಬಾಗಿಲು ಕಂಬಗಳನ್ನಾದರೂ ಎತ್ತಿಡಬಹುದು.

ಅತ್ತಿಗೆಗೆ ನಾನು ಹೇಳಿದ್ದೂ ಇಷ್ಟೇ: ಈ ಮಳೆಗಾಲದೊಳಗೆ ತಾರಸಿಯ ರಿಪೇರಿ ನನ್ನ ಖರ್ಚಿನಲ್ಲಿ ಆಗಲಿ, ಬಿಲ್ಡರ್‌ಗೆ ಆರು ತಿಂಗಳು ತಡೆಯಲು ಹೇಳಿ, ಅಷ್ಟರಲ್ಲಿ ಮುಂಭಾಗ ಉಳಿಸುವ ನಕ್ಷೆಯೊಂದನ್ನು ನೋಡೋಣ. ಆಮೇಲಿನ ತೀರ್ಮಾನ ಆ ಮನೆಯಲ್ಲಿ ಬಾಳುವವರದ್ದು. ಬಕೆಟ್ ಇಡುವ ಕೈಗಳಿಗೆ ಆ ಹಕ್ಕು ಇರಲೇಬೇಕು, ಅಲ್ಲವೇ?